ನಿಮ್ಮ ಲೇಖನದಲ್ಲಿ ‘ವಿಷ’ ಎಲ್ಲಿಂದ ಬಂತು?

ಪ್ರಿಯ ಲೇಖಕರೇ,

ಮಾದಕ ವಸ್ತುವನ್ನು ಸೂಜಿಯಿಂದ ಚುಚ್ಚಿಕೊಳ್ಳುವವರ ಹೃದಯಕ್ಕೆ ತಗಲುವ ಸೋಂಕಿನ ಬಗ್ಗೆ, ನಿಮ್ಮ ಆಸ್ಪತ್ರೆಯ ವಾರ್ಡಿನ ತರುಣನೊಬ್ಬನನ್ನು ಮುಂದಿಟ್ಟುಕೊಂಡು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಈ ರೋಗದ ಬಗ್ಗೆ ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಕೊಟ್ಟ ಉಪನ್ಯಾಸಗಳಿಂದ, ಅದನ್ನು ಪತ್ತೆಹಚ್ಚಲು 1994ರಲ್ಲಿ ಬಂದ ಡ್ಯೂಕ್ ಮಾನದಂಡಗಳವರೆಗಿನ ಇತಿಹಾಸದಲ್ಲಿ ತಪ್ಪಿಲ್ಲ. ಆದರೆ ಮೂರು ವಾಕ್ಯಗಳು ನನ್ನ ನಿದ್ದೆ ಕೆಡಿಸಿವೆ. ಉಳಿದದ್ದನ್ನು ಬಿಟ್ಟು ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: ‘ರಕ್ತಕ್ಕೆ ಏರಿಸಿಕೊಂಡ ವಿಷ ಅವನ ಹೃದಯವನ್ನೇ ತಿಂದುಹಾಕಿತು.’

ಯಾವ ವಿಷ? ಹೆರಾಯಿನ್ ಹೃದಯದ ಕವಾಟವನ್ನು ತಿನ್ನುವುದಿಲ್ಲ. ತಿಂದದ್ದು ಬ್ಯಾಕ್ಟೀರಿಯಾ, ಹೆಚ್ಚಿನವರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್. ಅದು ನಿಮ್ಮ ಮೂಗಿನಲ್ಲೂ ನನ್ನ ಚರ್ಮದ ಮೇಲೂ ಸದ್ದಿಲ್ಲದೆ ಇರಬಹುದಾದ ಜೀವಿ. ಸೂಜಿ ಅದನ್ನು ಅಭಿಧಮನಿಯೊಳಕ್ಕೆ ದೂಡುತ್ತದೆ. ಅಲ್ಲಿಂದ ರಕ್ತ ಹೋಗುವುದು ಹೃದಯದ ಬಲಭಾಗಕ್ಕೆ. ದಾರಿಯಲ್ಲಿ ಸಿಗುವ ಮೊದಲ ಬಾಗಿಲು ಟ್ರೈಕಸ್ಪಿಡ್ ಕವಾಟ. ಬೇರೆಯವರಲ್ಲಿ ಎಂಡೋಕಾರ್ಡೈಟಿಸ್ ಎಂಬ ಈ ಸೋಂಕು ಹೆಚ್ಚಾಗಿ ಎಡಗಡೆಯ ಕವಾಟಗಳಿಗೆ ಬಂದರೆ, ಚುಚ್ಚಿಕೊಳ್ಳುವವರಲ್ಲಿ ಅನೇಕ ಸಲ ಬಲಗಡೆಗೆ ಬರುವುದಕ್ಕೆ ಇದೊಂದು ಕಾರಣ. ಇಂಥ ದಾರಿ ಕಣ್ಣೆದುರಿಗಿದ್ದೂ ನೀವು ‘ವಿಷ’ ಎಂಬ ಒಂದು ಪದವನ್ನು ಅಡ್ಡಲಾಗಿ ಇಟ್ಟಿರಿ.

ಅದರಿಂದ ಆದ ನಷ್ಟ ನೋಡಿ. ಕೊಂದದ್ದು ವಿಷ ಎಂದಾದರೆ ಓದುಗನಿಗೆ ಹೇಳಲು ಉಳಿಯುವುದು ‘ಬಿಟ್ಟುಬಿಡು’ ಎಂಬ ಒಂದೇ ಮಾತು. ಬ್ಯಾಕ್ಟೀರಿಯಾ ಎಂದಾದರೆ, ಇನ್ನೂ ಬಿಡಲಾಗದವನಿಗೂ ಹೇಳುವುದಕ್ಕೆ ಬಹಳವಿದೆ: ಪ್ರತಿ ಸಲವೂ ಹೊಸ ಸೂಜಿ ಮತ್ತು ಸಿರಿಂಜ್, ಕ್ರಿಮಿರಹಿತ (ಸ್ಟೆರೈಲ್) ನೀರು, ಚುಚ್ಚುವ ಮೊದಲು ಕೈ ತೊಳೆದು ಚರ್ಮವನ್ನು ಆಲ್ಕೊಹಾಲ್‌ನಿಂದ ಒರೆಸುವುದು, ಸೂಜಿಯನ್ನು ನಾಲಿಗೆಗೆ ತಾಗಿಸದಿರುವುದು. ಒಂದು ಪದದ ಆಸೆಗೆ ಇಷ್ಟನ್ನೂ ಬಿಟ್ಟುಕೊಟ್ಟಿದ್ದೀರಿ.

ಉಪಸಂಪಾದಕನಾಗಿ ಸೇರಿದ ಮೊದಲ ವರ್ಷ ನಾನೂ ಇಂಥದ್ದೊಂದು ಸಾವಿನ ಸುದ್ದಿ ಬರೆದಿದ್ದೆ. ‘ಮಾದಕ ವ್ಯಸನಕ್ಕೆ ಯುವಕ ಬಲಿ’ ಎಂದು ತಲೆಬರಹ ಕೊಟ್ಟು, ಬೀಗುತ್ತ ಹಿರಿಯರ ಮೇಜಿನ ಮೇಲಿಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ‘ಬಲಿಯೋ? ಯಾವ ಅಂಗದಿಂದ ಶುರುವಾಯಿತು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ‘ಬಲಿ’ಯನ್ನು ಕೂರಿಸಿದ್ದೆ. ವೈದ್ಯರು ಫೋನಿಗೆ ಸಿಗುವಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು. ಸುದ್ದಿ ಎರಡು ಸಾಲಾಗಿ ಒಳಪುಟದ ಮೂಲೆಯಲ್ಲಿ ಬಂತು. ವಾರವಿಡೀ ಅವರೊಂದಿಗೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ ಎಂದು ಈಗ ಅನಿಸುತ್ತದೆ.

ಎರಡನೆಯದು: ‘ಕೊನೆಗೆ ಜ್ವರ ಅವನನ್ನು ಆವರಿಸಿತು.’

‘ಕೊನೆಗೆ’ ಹೇಗಾಗುತ್ತದೆ? ಜ್ವರ ಇಲ್ಲಿ ಮೊದಲನೆಯ ಸುಳಿವು. ಕವಾಟದ ಮೇಲೆ ಬೆಳೆದ ಗಂಟಿನಿಂದ ಚೂರುಗಳು ಕಳಚಿ ಶ್ವಾಸಕೋಶಕ್ಕೆ ಹೋಗುತ್ತವೆ. ಕೆಮ್ಮು, ಎದೆನೋವು, ಕೆಲವೊಮ್ಮೆ ಕಫದಲ್ಲಿ ರಕ್ತ. ನೋಡಿದವರಿಗೆ ನ್ಯುಮೋನಿಯಾ ಎನಿಸುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಹೃದಯದ ಅಸಹಜ ಸದ್ದು ಕೇಳಿಸದೆಯೂ ಇರಬಹುದು. ಚುಚ್ಚಿಕೊಳ್ಳುವ ಅಭ್ಯಾಸವಿದೆಯೇ ಎಂದು ಯಾರೂ ಕೇಳದಿದ್ದರೆ, ಕೇಳಿದಾಗ ಅವನು ಹೆದರಿ ಇಲ್ಲವೆಂದರೆ, ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮೊದಲೇ ಆಂಟಿಬಯಾಟಿಕ್ ಬಿದ್ದು ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ನಿಮ್ಮ ಕಥೆಯ ಜೀವ ಇರುವುದು ಈ ಗೊಂದಲದ ದಿನಗಳಲ್ಲಿ. ನೀವು ಅವನ್ನು ಒಂದು ಕ್ರಿಯಾವಿಶೇಷಣದಲ್ಲಿ ಹೂತುಹಾಕಿದಿರಿ.

ಮೂರನೆಯದು ನನ್ನನ್ನು ನಿಜಕ್ಕೂ ಕೆರಳಿಸಿತು: ‘ಜೀವ ಉಳಿಸುವ ಚಿಕಿತ್ಸೆಯನ್ನು ತಿರಸ್ಕರಿಸಿ ಅವನು ಮತ್ತೆ ಬೀದಿಗೆ ಓಡಿದನು.’

‘ತಿರಸ್ಕರಿಸಿ’ ಎಂದು ನಿಮಗೆ ಹೇಳಿದವರು ಯಾರು? ಈ ಸೋಂಕಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಔಷಧ ಕೊಡಬೇಕಾಗುತ್ತದೆ. ಹೆರಾಯಿನ್ ನಿಂತ ದೇಹಕ್ಕೆ ಮೊದಲ ಎರಡು ಮೂರು ದಿನಗಳೇ ನರಕ. ಹೆರಾಯಿನ್‌ಗೆ ಬದಲಾಗಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧ ಕೊಟ್ಟು ಆ ಯಾತನೆಯನ್ನು ತಗ್ಗಿಸಬಹುದು. ಕೊಟ್ಟಿದ್ದರೇ? ಲೇಖನದಲ್ಲಿ ಒಂದಕ್ಷರವಿಲ್ಲ. ಆದರೆ ನಿಮ್ಮದೇ ಮೂರನೆಯ ಪುಟದಲ್ಲಿ, ಯಾವ ಅಲಂಕಾರವೂ ಇಲ್ಲದೆ, ಹೀಗೊಂದು ಸಾಲಿದೆ: ‘ರಾತ್ರಿ ಮೂರು ಸಲ ಹೊದಿಕೆ ಕೇಳಿದ, ಮೂರು ಸಲವೂ ಒದ್ದು ಕೆಳಗೆ ಬೀಳಿಸಿದ.’ ಇಡೀ ಬರಹದಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಓದಿದ ಸಾಲು ಇದೊಂದೇ. ನಿಮ್ಮ ಕಣ್ಣು ಅವನ ಯಾತನೆಯನ್ನು ಕಂಡಿತ್ತು. ಎರಡು ಪುಟ ದಾಟುವುದರೊಳಗೆ ನಿಮ್ಮ ಲೇಖನಿ ಅದನ್ನು ಮರೆತು ಅವನ ಮೇಲೆ ತೀರ್ಪು ಬರೆಯಿತು.

ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಮೂರೂ ವಾಕ್ಯಗಳಿಗೆ ಅಡ್ಡಗೆರೆ ಎಳೆದಿದ್ದೇನೆ, ಬದಲಿ ವಾಕ್ಯ ಬರೆದುಕೊಟ್ಟಿಲ್ಲ. ವಾರ್ಡಿನ ದಾಖಲೆ ನಿಮ್ಮ ಕೈಗೆ ಸಿಗುತ್ತದಲ್ಲ, ತೆರೆದು ನೋಡಿ: ಅವನು ಹೊರಟದ್ದು ದಾಖಲಾದ ಎಷ್ಟನೆಯ ದಿನ, ಹಿಂದಿನ ರಾತ್ರಿ ಅವನಿಗೆ ಏನು ಕೊಟ್ಟಿದ್ದರು? ಅದನ್ನು ಬರೆದು ಕಳುಹಿಸಿ, ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ