ಕಲ್ಲಿಗೂ ಅರಿವಿದೆಯೇ?

ಎಲೆಕ್ಟ್ರಾನಿಗೂ ಚೂರು ಅರಿವಿದೆ ಅಂತಾದರೆ ಕಲ್ಲಿಗೂ ನೋವಾಗಬೇಕಲ್ವಾ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಅರಿವು ಜಗತ್ತಿನ ಮೂಲಗುಣ ಎನ್ನುವ ಅನೇಕರು ಕೂಡ ಕಲ್ಲನ್ನು ಬರೀ ರಾಶಿ ಎಂದೇ ನೋಡುತ್ತಾರೆ. ರಾಶಿಗೆ ತನ್ನದೇ ಅನುಭವ ಇರಬೇಕಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಚೂರುಪಾರು ಅರಿವುಗಳು ಸೇರಿ ಒಂದು 'ನಾನು' ಆಗುವುದು ಹೇಗೆ? 1890ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಈ ಪ್ರಶ್ನೆ ಎತ್ತಿದ್ದರು: ಹನ್ನೆರಡು ಜನರಿಗೆ ಒಂದೊಂದು ಪದ ಕೊಡಿ, ಒತ್ತಾಗಿ ನಿಲ್ಲಿಸಿ. ಇಡೀ ವಾಕ್ಯ ಯಾರ ತಲೆಯಲ್ಲೂ ಇರುವುದಿಲ್ಲ.

ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಹಿಂಭಾಗದ ಕಿರುಮೆದುಳಲ್ಲೇ ಇವೆ. ಅದಿಲ್ಲದೆ ಹುಟ್ಟಿದವರಿಗೂ ಅರಿವಿದೆ! ಸುಮ್ನೆ ರಾಶಿ ಹಾಕಿದರೆ ಸಾಲದು, ಜೋಡಣೆ ಬೇಕು.

ಅದ್ವೈತಕ್ಕೆ ಈ ತೊಡಕಿಲ್ಲ, ಅಲ್ಲಿ ಅರಿವು ಮೊದಲೇ ಒಂದು. ಆದರೆ ಅದೇ ಒಂದು ಅರಿವು ನನ್ನದು, ನಿಮ್ಮದು ಅಂತ ಬೇರೆಯಾಗಿ ತೋರುವುದೇಕೆ ಎಂದು ಅದು ಹೇಳಬೇಕಾಗುತ್ತದೆ.