ಕೃಷಿ ಹೊಂಡದ ಅಪಾಯ ಮಕ್ಕಳಿಗೆ ಗೊತ್ತಾಗುತ್ತದೆಯೇ?

ಪೂರ್ತಿ ಗೊತ್ತಾಗುವುದಿಲ್ಲ. ಮರ ಹತ್ತುವಾಗ ಕೊಂಬೆ ಅಲುಗಾಡಿದರೆ ಸಾಮಾನ್ಯವಾಗಿ ಮಗು ತಾನೇ ನಿಲ್ಲುತ್ತದೆ. ಆ ಅಪಾಯ ಮೈಗೇ ತಿಳಿಯುತ್ತದೆ. ಹೊಂಡದ್ದು ಹಾಗಲ್ಲ. ನೀರು ಅಲುಗದೆ ನಿಂತಿರುತ್ತದೆ, ಇಳಿಜಾರಾದ ಅಂಚು ಜಾರುಬಂಡೆಯ ಹಾಗೆ ಕರೆಯುತ್ತದೆ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ, ಅದರಲ್ಲೂ ಪಾಚಿ ಕಟ್ಟಿದರೆ, ಕಾಲು ನಿಲ್ಲದು, ಹಿಡಿಯಲು ಏನೂ ಸಿಗದು. ಈಜು ಬಲ್ಲ ಹುಡುಗರೂ ಮೇಲೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತಾರೆ. ಎತ್ತಲು ಇಳಿದವರೂ ಜಾರುತ್ತಾರೆ.

'ಹುಷಾರು' ಎಂದರೆ ಸಾಲದು. ಸುತ್ತ ಬೇಲಿ, ಗೇಟಿಗೆ ಬೀಗ ಬೇಕೇ ಬೇಕು. ನಾಲ್ಕೂ ಬದಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ, ಬೇಸಿಗೆಯಲ್ಲಿ ನೀರು ತಗ್ಗಿದರೂ ಕೈಗೆ ಸಿಗಬೇಕು. ಯಾರಾದರೂ ಬಿದ್ದರೆ ತಾವು ಇಳಿಯದೆ ದೊಡ್ಡವರನ್ನು ಕೂಗಿ, ಗಾಳಿ ತುಂಬಿದ ಟ್ಯೂಬ್ ಎಸೆಯುವುದನ್ನು ಮಕ್ಕಳಿಗೆ ಮಾಡಿ ತೋರಿಸಿ.