ಯುರೋಪಿನ ಪೌರತ್ವ ಸಿಕ್ಕಿದೆ, ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬಹುದೇ?

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾನೂನಿನ ಸುತ್ತ ಇವೆ. ಅದು ಯುರೋಪಿಯನ್ ಒಕ್ಕೂಟದ 2004/38 ಸಂಖ್ಯೆಯ ನಿರ್ದೇಶನ. ಒಕ್ಕೂಟದ ಒಂದು ದೇಶದ ಪೌರರು ಇನ್ನೊಂದು ಸದಸ್ಯ ದೇಶಕ್ಕೆ ಹೋಗಿ ನೆಲೆಸಿದರೆ ಅವರಿಗೂ ಅವರ ಮನೆಯವರಿಗೂ ಅಲ್ಲಿ ವಾಸಿಸುವ ಹಕ್ಕು ಇದರಿಂದ ಬರುತ್ತದೆ. ಮನೆಯವರ ಪಾಸ್‌ಪೋರ್ಟ್ ಭಾರತದ್ದಾದರೂ ಅಡ್ಡಿಯಿಲ್ಲ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್‌ಗಳಲ್ಲೂ ಇದೇ ನಿಯಮ. ಸ್ವಿಟ್ಜರ್ಲೆಂಡಿನದು ಬೇರೆ ಒಪ್ಪಂದ. ಆದರೆ ಗಂಡ-ಹೆಂಡತಿ ಇಬ್ಬರೂ ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದು, ಬ್ಲೂ ಕಾರ್ಡ್ (ನುರಿತ ಕೆಲಸಗಾರರ ವಾಸದ ಪರವಾನಗಿ) ಅಥವಾ ಪರ್ಮನೆಂಟ್ ರೆಸಿಡೆನ್ಸಿ ಮಾತ್ರ ಇದ್ದರೆ ಈ ಕಾನೂನು ನಿಮ್ಮದಲ್ಲ. ನಿಮಗೆ ಆಯಾ ದೇಶದ ವಲಸೆ ಕಾನೂನೇ ಗತಿ.

ಪ್ರಶ್ನೆ: ನಾನು ಹಾಸನದವನು. ಜರ್ಮನಿಯಲ್ಲಿದ್ದು ಅಲ್ಲಿನ ಪೌರತ್ವ ಪಡೆದೆ. ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ. ಊರಿನಲ್ಲಿ ಅಪ್ಪನಿಗೆ ಸಣ್ಣ ಪಿಂಚಣಿ, ಅಮ್ಮನಿಗೆ ಆದಾಯವಿಲ್ಲ. ಇಬ್ಬರನ್ನೂ ಇಲ್ಲೇ ಇಟ್ಟುಕೊಳ್ಳುವ ಆಸೆ. ‘ಛಾಪಾ ಕಾಗದದ ಮೇಲೆ ಒಂದು ಅಫಿಡವಿಟ್ ಮಾಡಿಸು, ಆಗುತ್ತೆ’ ಅಂತ ಸ್ನೇಹಿತರು ಹೇಳುತ್ತಾರೆ. ನಿಜವೇ?

ಅಫಿಡವಿಟ್ ಒಂದರಿಂದಲೇ ಆಗುವುದಿಲ್ಲ. ಹಕ್ಕು ಮಾತ್ರ ನಿಮಗೆ ಖಂಡಿತ ಇದೆ. ಜರ್ಮನ್ ಪೌರರಾದ ನೀವು ಜರ್ಮನಿ ಬಿಟ್ಟು ಇನ್ನೊಂದು ದೇಶದಲ್ಲಿ ದುಡಿಯುತ್ತಿದ್ದೀರಿ. ನಿರ್ದೇಶನ ಕೇಳುವುದು ಇದನ್ನೇ. ಗಂಡ ಅಥವಾ ಹೆಂಡತಿ, 21 ವರ್ಷದೊಳಗಿನ ಮಕ್ಕಳು ಸಂಬಂಧ ತೋರಿಸಿದರೆ ಸಾಕು. 21 ದಾಟಿದ ಮಕ್ಕಳು ಮತ್ತು ತಂದೆ-ತಾಯಿ ‘ಅವಲಂಬಿತರು’ ಎಂದು ಸಾಬೀತು ಮಾಡಬೇಕು. ನಿಮ್ಮ ಹೆಂಡತಿಯ ತಂದೆ-ತಾಯಿಗೂ ಇದೇ ಹಕ್ಕು ಇದೆ. ಮಗಳ ಗಂಡನ ಮನೆಯಲ್ಲಿ ಇರುವುದಕ್ಕೆ ನಮ್ಮ ಹಿರಿಯರು ಹಿಂಜರಿದಾರು, ಕಾನೂನು ಹಿಂಜರಿಯುವುದಿಲ್ಲ.

ಅವಲಂಬನೆ ಎಂದರೆ ಏನು ಎಂಬುದನ್ನು ಯುರೋಪಿಯನ್ ನ್ಯಾಯಾಲಯ 2007ರ ಜಿಯಾ ತೀರ್ಪಿನಲ್ಲಿ ಹೇಳಿದೆ. ಸ್ವೀಡನ್ನಿನಲ್ಲಿದ್ದ ಜರ್ಮನ್ ಸೊಸೆಯ ಮೂಲಕ ಹಕ್ಕು ಕೇಳಿದ ಚೀನೀ ಅತ್ತೆಯ ಪ್ರಕರಣ ಅದು. ಊಟ, ಬಟ್ಟೆ, ಮನೆ, ಔಷಧಿಯಂಥ ಮೂಲ ಅಗತ್ಯಗಳನ್ನು ತಮ್ಮ ಆದಾಯದಲ್ಲಿ ಪೂರೈಸಿಕೊಳ್ಳಲಾಗದೆ ನಿಮ್ಮ ಹಣ ಬೇಕೇ ಬೇಕು ಎನ್ನುವ ಸ್ಥಿತಿ ಇರಬೇಕು. ಆ ಸ್ಥಿತಿ ನೆದರ್‌ಲ್ಯಾಂಡ್ಸ್‌ಗೆ ಬಂದ ಮೇಲೆ ಹುಟ್ಟಿದ್ದಾಗಬಾರದು, ಹಾಸನದಲ್ಲೇ ಇರಬೇಕು. ಬಹಳ ಅರ್ಜಿಗಳು ಬೀಳುವುದು ಇಲ್ಲಿಯೇ. ‘ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ’ ಎಂಬ ಬರೀ ವಾಗ್ದಾನವನ್ನು ಅಧಿಕಾರಿಗಳು ಸಾಕ್ಷ್ಯವೆಂದು ಒಪ್ಪಬೇಕಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಅಫಿಡವಿಟ್ ಇಡಿ, ತಪ್ಪಿಲ್ಲ. ಆದರೆ ಅದಕ್ಕೆ ಬೆನ್ನಾಗಿ ಲೆಕ್ಕ ಇರಬೇಕು.

ಲೆಕ್ಕ ಎಂದರೆ ಬ್ಯಾಂಕಿನ ದಾಖಲೆ. ಎಷ್ಟು ತಿಂಗಳದ್ದು ಎಂದು ನಿರ್ದೇಶನದಲ್ಲಿ ಇಲ್ಲ. 2014ರ ರೆಯೆಸ್ ತೀರ್ಪು ‘ಗಣನೀಯ ಅವಧಿಯವರೆಗೆ ನಿಯಮಿತವಾಗಿ’ ಹಣ ಕಳಿಸುವುದನ್ನು ಅವಲಂಬನೆಯ ಗುರುತಾಗಿ ನೋಡಿತು. ಒಂದು ವರ್ಷದ ದಾಖಲೆಗಿಂತ ಕಡಿಮೆ ಇಟ್ಟುಕೊಂಡು ಹೊರಡಬೇಡಿ ಎಂಬುದು ನಮ್ಮ ಸಲಹೆ. ಪ್ರತಿ ತಿಂಗಳೂ ನಿಮ್ಮ ಹೆಸರಿನ ಯುರೋಪಿನ ಖಾತೆಯಿಂದ ನೇರವಾಗಿ ಅಪ್ಪ ಅಥವಾ ಅಮ್ಮನ ಹೆಸರಿನ ಉಳಿತಾಯ ಖಾತೆಗೆ ಹೋಗಲಿ. ಹಣ ಕಳಿಸುವಾಗ ಕೇಳುವ ಉದ್ದೇಶದ ಜಾಗದಲ್ಲಿ ‘ಉಡುಗೊರೆ’ ಎಂದು ಗುರುತಿಸಬೇಡಿ, ‘ಕುಟುಂಬ ನಿರ್ವಹಣೆ’ ಎಂದು ಆರಿಸಿ. ಭಾರತದ ಬ್ಯಾಂಕುಗಳಲ್ಲಿ ಅದರ ಸಂಕೇತ ಪಿ1301. ಅಣ್ಣನ ಖಾತೆಗೆ ಕಳಿಸಿ ಅವನು ನಗದು ಕೊಟ್ಟದ್ದು, ಊರಿಗೆ ಹೋದಾಗ ಕೈಗೆ ಕೊಟ್ಟದ್ದು ಲೆಕ್ಕಕ್ಕೆ ಬರುವುದು ಕಷ್ಟ. ಜಂಟಿ ಖಾತೆಯಾದರೆ ದುಡ್ಡು ಖರ್ಚು ಮಾಡಿದ್ದು ಯಾರೆಂಬ ಪ್ರಶ್ನೆ ಏಳುತ್ತದೆ. ಅರ್ಜಿಗೆ ಹದಿನೈದು ದಿನ ಮುಂಚೆ ಒಮ್ಮೆಗೇ ಐದು ಲಕ್ಷ ಹಾಕಿದರಂತೂ ಅನುಮಾನವನ್ನು ನೀವೇ ಕರೆದಂತೆ.

ಇದರ ಜೊತೆಗೆ ಒಂದು ಪುಟದ ಖರ್ಚಿನ ಪಟ್ಟಿ ಮಾಡಿ. ಉದಾಹರಣೆಗೆ ಅಪ್ಪನ ಪಿಂಚಣಿ 9,000 ರೂಪಾಯಿ. ಬಾಡಿಗೆ, ದಿನಸಿ, ವಿದ್ಯುತ್, ಔಷಧಿ, ಮನೆಕೆಲಸದವರ ಸಂಬಳ ಸೇರಿ ಖರ್ಚು 31,000. ನಿಮ್ಮಿಂದ ಬರುವುದು 25,000. ಒಂದೊಂದು ಸಾಲಿಗೂ ಬಿಲ್ಲು, ಪಾಸ್‌ಬುಕ್ಕಿನ ಪುಟ ಜೋಡಿಸಿ. ಪಿಂಚಣಿ ಇದೆ ಎಂಬ ಒಂದೇ ಕಾರಣಕ್ಕೆ ಅವಲಂಬನೆ ಇಲ್ಲವಾಗುವುದಿಲ್ಲ. ಆದರೆ ಅದೇ ಪಿಂಚಣಿ 60,000 ಇದ್ದು, ತೋಟದ ಆದಾಯವೂ ಬರುತ್ತಿದ್ದರೆ ಈ ದಾರಿ ನಿಮಗಿಲ್ಲ. ಹೊಲ, ಬಾಡಿಗೆ ಮನೆ ಇದ್ದರೆ ಮುಚ್ಚಿಡಬೇಡಿ. ಆದಾಯ ಬರದ ಆಸ್ತಿಯಾದರೆ ಪಹಣಿ ಇಟ್ಟು ಹಾಗೆಂದು ಬರೆಯಿರಿ. ‘ಯಾಕೆ ಅವಲಂಬಿಸಿದ್ದಾರೆ, ಊರಲ್ಲಿರುವ ಇನ್ನೊಬ್ಬ ಮಗ ಯಾಕೆ ನೋಡುವುದಿಲ್ಲ’ ಎಂದು ಕಾರಣ ಕೆದಕುವಂತಿಲ್ಲ; 1987ರ ಲೆಬೋನ್ ತೀರ್ಪಿನಿಂದಲೂ ನೋಡುವುದು ವಾಸ್ತವವಾಗಿ ನಿಮ್ಮ ಆಸರೆ ಇದೆಯೇ ಎಂದು ಮಾತ್ರ.

ನಿಮ್ಮ ಸಂಬಳ ಎಷ್ಟಿರಬೇಕು? ನೌಕರರಿಗೆ ಮತ್ತು ಸ್ವಂತ ಉದ್ಯೋಗಿಗಳಿಗೆ ನಿರ್ದೇಶನದಲ್ಲಿ ಕನಿಷ್ಠ ಆದಾಯದ ಷರತ್ತೇ ಇಲ್ಲ. ಸಾಕಷ್ಟು ಆದಾಯ, ಪೂರ್ಣ ಆರೋಗ್ಯ ವಿಮೆ ಎಂಬ ಷರತ್ತು ಇರುವುದು ಕೆಲಸ ಮಾಡದೆ ಉಳಿದುಕೊಳ್ಳುವವರಿಗೆ. ವಿದ್ಯಾರ್ಥಿಗಳಿಗೆ ಇನ್ನೊಂದು ಮಿತಿ: ಅವರು ಸಂಗಾತಿ ಮತ್ತು ಅವಲಂಬಿತ ಮಕ್ಕಳನ್ನು ಹಕ್ಕಿನಿಂದ ಕರೆತರಬಹುದು, ತಂದೆ-ತಾಯಿಯನ್ನಲ್ಲ.

ಇನ್ನು ಕ್ರಮ. ಅಪ್ಪ-ಅಮ್ಮ ನೆದರ್‌ಲ್ಯಾಂಡ್ಸ್‌ನ ವೀಸಾ ಪಡೆದು ಬರುತ್ತಾರೆ. ದೀರ್ಘಾವಧಿಯ ಎಂವಿವಿ ಪರವಾನಗಿಯಾಗಲಿ, ಡಚ್ ಭಾಷೆಯ ಪರೀಕ್ಷೆಯಾಗಲಿ ಈ ದಾರಿಯಲ್ಲಿ ಬೇಕಿಲ್ಲ. ಬಂದ 5 ದಿನದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಿ. ಮೂರು ತಿಂಗಳೊಳಗೆ ವಲಸೆ ಇಲಾಖೆಯಾದ ಐಎನ್‌ಡಿಗೆ, ಒಕ್ಕೂಟದ ಕಾನೂನಿನ ಅಡಿಯ ವಾಸದ ಕಾರ್ಡಿಗೆ ಅರ್ಜಿ ಹಾಕಿ. ಅರ್ಜಿ ಕೊಟ್ಟ ಗುರುತನ್ನು ತಕ್ಷಣ ಕೊಡಬೇಕು, 6 ತಿಂಗಳೊಳಗೆ ಕಾರ್ಡು ಕೊಡಬೇಕು; ಅಲ್ಲಿಯವರೆಗೆ ಅವರು ಅಲ್ಲೇ ಇರಬಹುದು. ಕಾರ್ಡಿನ ಅವಧಿ ಸಾಮಾನ್ಯವಾಗಿ 5 ವರ್ಷ. ವಾಸ ಶುರುವಾದ ಮೇಲೆ ಡಚ್ ಆರೋಗ್ಯ ವಿಮೆಯನ್ನು 4 ತಿಂಗಳೊಳಗೆ ಮಾಡಿಸಲೇಬೇಕು. ಮೂಲ ವಿಮೆಯನ್ನು ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಂದು ಕಂಪನಿ ನಿರಾಕರಿಸುವಂತಿಲ್ಲ; ಹಿರಿಯರ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಪ್ರಶ್ನೆ: ನಾನೂ ಜರ್ಮನ್ ಪೌರಳು, ಆದರೆ ಸ್ಟುಟ್‌ಗಾರ್ಟ್‌ನಲ್ಲೇ ಇದ್ದೇನೆ. ಅಮ್ಮನನ್ನು ಇದೇ ಕಾನೂನಿನಲ್ಲಿ ಕರೆತರಬಹುದೇ?

ಇಲ್ಲ. ಸ್ವಂತ ದೇಶದಲ್ಲೇ ಇರುವ ಪೌರರಿಗೆ ನಿರ್ದೇಶನ ಅನ್ವಯಿಸುವುದಿಲ್ಲ. ಪೌರತ್ವ ಸಿಕ್ಕಿದೊಡನೆ ಎಲ್ಲ ಸಲೀಸು ಎಂದುಕೊಂಡವರಿಗೆ ಇದು ವಿಚಿತ್ರ ಎನಿಸುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿರುವ ಇಟಲಿ ಪೌರನಿಗೆ ಇರುವ ಹಕ್ಕು ಅಲ್ಲಿನ ಜರ್ಮನ್ ಪೌರಳಿಗೆ ಇಲ್ಲ. ನಿಮಗೆ ಅನ್ವಯಿಸುವುದು ಜರ್ಮನಿಯ ವಾಸ ಕಾನೂನಿನ 36ನೇ ಕಲಂ. ಅದು ‘ಅಸಾಧಾರಣ ಸಂಕಷ್ಟ’ ಇದ್ದರೆ ಮಾತ್ರ ತಂದೆ-ತಾಯಿಗೆ ಅವಕಾಶ ಕೊಡುತ್ತದೆ, ಅದನ್ನು ಸಾಬೀತು ಮಾಡುವುದು ಬಹಳ ಕಠಿಣ. ಅದೇ ಕಲಮಿಗೆ ಸೇರಿಸಿದ ಹೊಸ ಸೌಲಭ್ಯ, 2024ರ ಮಾರ್ಚ್ 1ರಂದು ಅಥವಾ ನಂತರ ಮೊದಲ ಬಾರಿಗೆ ಪರವಾನಗಿ ಪಡೆದ ನುರಿತ ವಿದೇಶಿ ಕೆಲಸಗಾರರ ತಂದೆ-ತಾಯಿಗೆ ಮೀಸಲು. ಹಳಬರಿಗೆ ಅದು ದಕ್ಕುವುದಿಲ್ಲ.

ಇನ್ನೊಂದು ದಾರಿ ಇದೆ. ಭಾರತೀಯನೊಬ್ಬನ ಪ್ರಕರಣದಲ್ಲಿ 1992ರಲ್ಲಿ ಬಂದ ಸುರಿಂದರ್ ಸಿಂಗ್ ತೀರ್ಪಿನ ಪ್ರಕಾರ, ಪೌರರು ಇನ್ನೊಂದು ಸದಸ್ಯ ದೇಶದಲ್ಲಿ ಮನೆಯವರ ಜೊತೆ ನಿಜವಾಗಿ ನೆಲೆಸಿ ಸ್ವದೇಶಕ್ಕೆ ಮರಳಿದರೆ ಮನೆಯವರ ಹಕ್ಕೂ ಜೊತೆಯಲ್ಲಿ ಬರುತ್ತದೆ. 2014ರ ತೀರ್ಪೊಂದು ಇದಕ್ಕೆ ಗಡಿ ಹಾಕಿತು: ಆ ವಾಸ ಮೂರು ತಿಂಗಳಿಗೆ ಮೀರಿದ್ದಾಗಿರಬೇಕು. ವಾರಾಂತ್ಯಕ್ಕೆ ಹೋಗಿಬಂದದ್ದು ವಾಸವಲ್ಲ. ಮೂರು ತಿಂಗಳು ಕಳೆದ ಮರುದಿನವೇ ಗಂಟುಮೂಟೆ ಕಟ್ಟುವ ಯೋಜನೆಯನ್ನು ನಾವು ಒಪ್ಪುವುದಿಲ್ಲ. ಮನೆ ಬಾಡಿಗೆ, ಸಂಬಳ, ತೆರಿಗೆ, ವೈದ್ಯರು ಎಲ್ಲ ಆ ದೇಶದಲ್ಲೇ ಇದ್ದ ದಾಖಲೆ ಬೇಕು.

ಪ್ರಶ್ನೆ: ನನ್ನ ಗಂಡ ಫ್ರೆಂಚ್ ಪೌರ, ಸ್ಪೇನ್‌ನಲ್ಲಿದ್ದಾರೆ. ವೀಸಾ ಕೇಂದ್ರದಲ್ಲಿ ನನ್ನಿಂದ ಪ್ರವಾಸ ವಿಮೆ, ಹೋಟೆಲ್ ಬುಕ್ಕಿಂಗ್, ಶುಲ್ಕ ಎಲ್ಲ ಕೇಳಿದರು. ಕೊಡಲೇಬೇಕೇ?

ವೀಸಾ ಶುಲ್ಕ ಇಲ್ಲ, ವಿಮೆಯೂ ಹೋಟೆಲ್ ಬುಕ್ಕಿಂಗೂ ಬೇಡ. ಅರ್ಜಿಯನ್ನು ಬೇಗ ತೀರ್ಮಾನಿಸಬೇಕು ಎಂದು ನಿರ್ದೇಶನದ 5ನೇ ವಿಧಿ ಹೇಳುತ್ತದೆ. ಷೆಂಗೆನ್ ವೀಸಾದ ಅರ್ಜಿಯಲ್ಲೇ ನಕ್ಷತ್ರದ ಗುರುತು ಇರುವ ಅಂಕಣಗಳನ್ನು ನಿಮ್ಮಂಥವರು ತುಂಬಬೇಕಿಲ್ಲ. ಕೌಂಟರಿನವರು ಪ್ರವಾಸಿಗರ ಪಟ್ಟಿಯನ್ನೇ ಹಿಡಿದು ಕೂತಿರುವುದರಿಂದ ಗೊಂದಲವಾಗುತ್ತದೆ. ಪಾಸ್‌ಪೋರ್ಟ್, ವಿವಾಹ ಪ್ರಮಾಣಪತ್ರ, ಗಂಡನ ಪಾಸ್‌ಪೋರ್ಟ್ ಪ್ರತಿ, ಅವರು ಸ್ಪೇನ್‌ನಲ್ಲಿರುವ ನೋಂದಣಿ ಪತ್ರ, ಇಷ್ಟರ ಮೇಲೆ ‘2004/38 ನಿರ್ದೇಶನದ ಅಡಿ ಅರ್ಜಿ’ ಎಂಬ ಒಂದು ಪುಟದ ಪತ್ರ ಇಡಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮೇಲ್ಮನವಿಗೆ ಅವಕಾಶವಿರಬೇಕು. ಗಂಡ ಸ್ಪೇನ್ ಬಿಟ್ಟು ಫ್ರಾನ್ಸಿನಲ್ಲೇ ಇದ್ದಿದ್ದರೆ ಈ ಉತ್ತರ ಬೇರೆಯಾಗುತ್ತಿತ್ತು.

ಪ್ರಶ್ನೆ: ನನ್ನ ಜನನ ಪ್ರಮಾಣಪತ್ರದಲ್ಲಿ ಹೆಸರಿಲ್ಲ, ‘ಗಂಡು’ ಅಂತಷ್ಟೇ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರು. ತಂದೆಯವರ ಪಾಸ್‌ಪೋರ್ಟಿನಲ್ಲಿ ಬೇರೆಯೇ ಕಾಗುಣಿತ. ಏನು ಮಾಡಲಿ?

ಕರ್ನಾಟಕದವರ ಕಡತಗಳಲ್ಲಿ ಇದು ನಿತ್ಯದ ತೊಂದರೆ. ಯುರೋಪಿನ ಗುಮಾಸ್ತರು ಮಗನಿಗೂ ತಂದೆಗೂ ಒಂದೇ ಮನೆತನದ ಹೆಸರು ಇರುತ್ತದೆ ಎಂದುಕೊಂಡೇ ಕಾಗದ ತೆರೆಯುತ್ತಾರೆ. ನಮ್ಮಲ್ಲಿ ಮಗನ ಹೆಸರಿಗೆ ಊರು, ತಂದೆಗೆ ಅವರ ತಂದೆಯ ಹೆಸರು, ತಾಯಿಗೆ ಗಂಡನ ಹೆಸರು.

ತಂದೆ-ತಾಯಿಯ ಅರ್ಜಿಯಲ್ಲಿ ಕೊಂಡಿಯಾಗುವುದು ನಿಮ್ಮ ಜನನ ಪ್ರಮಾಣಪತ್ರ, ಅವರದ್ದಲ್ಲ. (ನಗರಸಭೆಯ ನೋಂದಣಿಗೆ ಅವರದ್ದನ್ನೂ ಕೇಳಬಹುದು, ಅದು ಬೇರೆ.) ಹಾಗಾಗಿ ಮೊದಲು ಹುಟ್ಟಿದ ಊರಿನ ಜನನ ನೋಂದಣಾಧಿಕಾರಿಯಲ್ಲಿ ಹೆಸರು ಸೇರಿಸಿ, ಇ-ಜನ್ಮ ವ್ಯವಸ್ಥೆಯಿಂದ ಡಿಜಿಟಲ್ ಸಹಿಯ ಹೊಸ ಪ್ರತಿ ತೆಗೆಸಿ. ನೋಂದಣಿಯೇ ಆಗಿಲ್ಲದಿದ್ದರೆ ಅಲಭ್ಯತೆ ಪತ್ರ ಪಡೆದು, ಮ್ಯಾಜಿಸ್ಟ್ರೇಟ್ ಆದೇಶದ ಮೂಲಕ ವಿಳಂಬ ನೋಂದಣಿ ಮಾಡಿಸಬೇಕು; 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ, ಉಪವಿಭಾಗ ಮತ್ತು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ನಾಡಕಚೇರಿಯ ವಂಶವೃಕ್ಷ ಪೂರಕ ದಾಖಲೆಯಾಗಿ ತುಂಬ ಉಪಯುಕ್ತ. ಆದರೆ ಜನನ ಪತ್ರದ ಬದಲಿಗೆ ಅದನ್ನೇ ಕೊಟ್ಟರೆ ನಡೆಯದು.

ಹೆಸರಿನ ವ್ಯತ್ಯಾಸಕ್ಕೆ ‘ಈ ಎಲ್ಲ ಹೆಸರೂ ಒಬ್ಬರದ್ದೇ’ ಎಂಬ ಅಫಿಡವಿಟ್ ಮಾಡಿಸಿ, ಯಾವ ದಾಖಲೆಯಲ್ಲಿ ಯಾವ ಕಾಗುಣಿತ ಎಂದು ಒಂದೊಂದಾಗಿ ಬರೆಸಿ. ಅಫಿಡವಿಟ್ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದು. ಜರ್ಮನಿಯಲ್ಲಿ ಪೌರತ್ವದ ಹೊತ್ತಿಗೆ ಹೆಸರನ್ನು ಹೆಸರು-ಮನೆತನ ಎಂದು ಹೊಂದಿಸಿಕೊಂಡಿದ್ದರೆ ಆ ಘೋಷಣೆಯ ಪತ್ರವನ್ನು ಮರೆಯಬೇಡಿ. ಅದಿಲ್ಲದೆ ನಿಮ್ಮ ಹೊಸ ಪಾಸ್‌ಪೋರ್ಟಿಗೂ ಹಳೆಯ ಜನನ ಪತ್ರಕ್ಕೂ ನಂಟೇ ಕಾಣುವುದಿಲ್ಲ. ಕೊನೆಗೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಬಳಸಲು ಹಾಕುವ ದೃಢೀಕರಣದ ಮುದ್ರೆ. ತಿದ್ದುಪಡಿ ಎಲ್ಲ ಮುಗಿದ ಮೇಲೇ ಅಪೊಸ್ಟಿಲ್ ಮಾಡಿಸಿ, ಇಲ್ಲದಿದ್ದರೆ ಎರಡು ಸಲ ಓಡಾಟ.

ಪ್ರಶ್ನೆ: ಗಂಡ ಒಕ್ಕೂಟದ ಪೌರ. ಮದುವೆಯಾಗಿ ನಾಲ್ಕು ವರ್ಷ, ಇಬ್ಬರೂ ಎರಡು ವರ್ಷದಿಂದ ಐರ್ಲೆಂಡಿನಲ್ಲಿ. ಈಗ ಅವರು ನನ್ನನ್ನು ಬಿಟ್ಟು ಸ್ವದೇಶಕ್ಕೆ ಹೊರಡುವ ಮಾತಾಡುತ್ತಿದ್ದಾರೆ. ನನ್ನ ಕಾರ್ಡ್ ಏನಾಗುತ್ತದೆ?

ತಡ ಮಾಡಬೇಡಿ, ಈ ವಾರವೇ ವಕೀಲರನ್ನು ಕಾಣಿ. ಮದುವೆ ಕನಿಷ್ಠ 3 ವರ್ಷ ನಡೆದು, ಅದರಲ್ಲಿ 1 ವರ್ಷ ಆ ದೇಶದಲ್ಲಿ ಕಳೆದಿದ್ದರೆ ವಿಚ್ಛೇದನದ ನಂತರವೂ ನಿಮ್ಮ ವಾಸದ ಹಕ್ಕು ಉಳಿಯುತ್ತದೆ. ನೀವು ದುಡಿಯುತ್ತಿರಬೇಕು ಅಥವಾ ಸಾಕಷ್ಟು ಆದಾಯ ಮತ್ತು ವಿಮೆ ಇರಬೇಕು. ಆದರೆ ಐರ್ಲೆಂಡಿನದೇ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪು ಹೀಗಿದೆ: ವಿಚ್ಛೇದನದ ಪ್ರಕ್ರಿಯೆ ಶುರುವಾಗುವ ಮೊದಲೇ ಪೌರರಾದ ಸಂಗಾತಿ ದೇಶ ಬಿಟ್ಟರೆ ಆ ಹಕ್ಕು ಉಳಿಯುವುದಿಲ್ಲ. ಅಂದರೆ ಯಾವುದು ಮೊದಲು, ಅರ್ಜಿಯೋ ವಿಮಾನವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಮನೆಯಲ್ಲಿ ಹಿಂಸೆ ನಡೆದಿದ್ದರೆ 2021ರ ತೀರ್ಪು ಸ್ವಲ್ಪ ರಕ್ಷಣೆ ಕೊಡುತ್ತದೆ; ಅವರು ಹೋದ ಮೇಲೂ ಸಮಂಜಸ ಅವಧಿಯೊಳಗೆ ಪ್ರಕ್ರಿಯೆ ಶುರು ಮಾಡಬಹುದು. ಪೊಲೀಸ್ ದೂರು, ವೈದ್ಯರ ವರದಿ ಇಟ್ಟುಕೊಳ್ಳಿ. ಬರೀ ಬೇರೆ ಬೇರೆ ಮನೆಯಲ್ಲಿ ಇರುವುದರಿಂದ ಹಕ್ಕು ಹೋಗುವುದಿಲ್ಲ.

ಪ್ರಶ್ನೆ: ಅತ್ತೆಗೆ ಕಾರ್ಡ್ ಬಂದಿದೆ. ಚಳಿಗಾಲವೆಲ್ಲ ಧಾರವಾಡದಲ್ಲೇ ಇರುತ್ತೇನೆ ಅನ್ನುತ್ತಾರೆ. ತೊಂದರೆಯೇ?

ವರ್ಷಕ್ಕೆ ಒಟ್ಟು 6 ತಿಂಗಳು ಮೀರದಿದ್ದರೆ ತೊಂದರೆ ಇಲ್ಲ. ಗಂಭೀರ ಕಾಯಿಲೆಯಂಥ ಮುಖ್ಯ ಕಾರಣಕ್ಕೆ ಒಮ್ಮೆ ಸತತ 12 ತಿಂಗಳವರೆಗೆ ಹೊರಗಿರಬಹುದು; ಆಸ್ಪತ್ರೆಯ ಕಾಗದ ಇರಲಿ. ಹೀಗೆ 5 ವರ್ಷ ಕಾನೂನುಬದ್ಧವಾಗಿ ಕಳೆದರೆ ಕಾಯಂ ವಾಸದ ಹಕ್ಕು. ಅದು ಬಂದ ಮೇಲೆ ಸತತ 2 ವರ್ಷ ಹೊರಗಿದ್ದರೆ ಮಾತ್ರ ಕಳೆದುಹೋಗುತ್ತದೆ, ಆಗ ಅತ್ತೆಯವರು ಧಾರವಾಡದ ಬೇಸಿಗೆಯನ್ನೂ ಮುಗಿಸಿಕೊಂಡೇ ಬರಬಹುದು.

ಪ್ರಶ್ನೆ: ನಾನು ಕಾರವಾರದವಳು. ಗೋವಾದ ಗಂಡನಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಇದೆ, 2019ರಿಂದ ಇಂಗ್ಲೆಂಡಿನಲ್ಲಿ ‘ಸೆಟಲ್ಡ್’ (ಕಾಯಂ ವಾಸದ) ಸ್ಥಾನಮಾನವೂ ಇದೆ. ಮದುವೆ 2023ರಲ್ಲಿ ಆಯಿತು. ನಾನು ಹೋಗಬಹುದೇ?

ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ನಿರ್ದೇಶನ ಅಲ್ಲಿಲ್ಲ, ನಿರ್ಗಮನ ಒಪ್ಪಂದದಂತೆ ಉಳಿದ ಯೋಜನೆಯಷ್ಟೇ ಇದೆ. ಅದರಡಿ ಸಂಗಾತಿಯಾಗಿ ಸೇರಬೇಕಾದರೆ ಸಂಬಂಧ 2020ರ ಡಿಸೆಂಬರ್ 31ಕ್ಕೆ ಮೊದಲೇ ಇದ್ದಿರಬೇಕು. ಆಗ ಪರಿಚಯವೂ ಇರಲಿಲ್ಲ ಎಂದಾದರೆ ನಿಮಗಿರುವುದು ಬ್ರಿಟನ್ನಿನ ಸಾಮಾನ್ಯ ಸಂಗಾತಿ ವೀಸಾ; ಆದಾಯದ ಮಿತಿ, ಇಂಗ್ಲಿಷ್ ಪರೀಕ್ಷೆ, ದುಬಾರಿ ಶುಲ್ಕ ಎಲ್ಲ ಅದರಲ್ಲಿದೆ. ಗಂಡ ಅದೇ ಪಾಸ್‌ಪೋರ್ಟಿನೊಂದಿಗೆ ಐರ್ಲೆಂಡಿಗೋ ಜರ್ಮನಿಗೋ ಕೆಲಸಕ್ಕೆ ಹೋದರೆ, ಮೇಲೆ ಹೇಳಿದ ಹಕ್ಕುಗಳೆಲ್ಲ ಅಲ್ಲಿ ನಿಮಗೆ ಸಿಗುತ್ತವೆ. ಪೋರ್ಚುಗಲ್ಲಿಗೇ ಹೋದರೆ ಮಾತ್ರ ಸ್ಟುಟ್‌ಗಾರ್ಟ್‌ನ ಓದುಗರಿಗೆ ಹೇಳಿದಂತೆ ಅದು ಅವರ ಸ್ವದೇಶ, ಅಲ್ಲಿನ ಕಾನೂನನ್ನೇ ನೋಡಬೇಕು.